ಕಾರಿನ ಕೀಲಿಕೈಗಳೆಲ್ಲವೂ ಕಳೆದಾಗ

ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಕಳೆದ ಕೀಲಿಕೈಗೆ ಬದಲಾಗಿ ಇನ್ನೊಂದನ್ನು ಕಡಿಸಿಕೊಂಡರೆ ಸಾಕಾಗಿತ್ತು. ಅಣ್ಣಾ ನಗರದ ನಮ್ಮ ಕನ್ನಡ ಕುಟುಂಬಗಳ ಇಂದಿನ ಕಾರುಗಳಿಗೆ ಅಷ್ಟು ಸಾಲದು.

ಬ್ಯಾಂಕಿನ ಲಾಕರು ಗ್ರಾಹಕರ ಕೀಲಿಕೈ ಒಂದರಿಂದಲೇ ತೆರೆಯದು. ಬ್ಯಾಂಕಿನ ಕೀಲಿಕೈಯೂ ಕೂಡಬೇಕು. ಕಾರಿನಲ್ಲಿ ಇವೆರಡೂ ಒಂದೇ ಹಿಡಿಯಲ್ಲಿ ಅಡಗಿವೆಯೆನ್ನಬಹುದು. ಲೋಹದ ಅಲಗು ಬೀಗವನ್ನು ತಿರುಗಿಸುತ್ತದೆ. ಹಿಡಿಯೊಳಗಿನ ಪುಟ್ಟ ಟ್ರಾನ್ಸ್‌ಪಾಂಡರ್ ಚಿಪ್ ಇಂಜಿನ್ನಿಗೆ ಅನುಮತಿ ನೀಡುತ್ತದೆ. ಈ ಚಿಪ್ಪಿಗೆ ಸ್ವಂತ ಬ್ಯಾಟರಿ ಬೇಕಿಲ್ಲ. ಬೀಗದ ಸುತ್ತಲಿನ ತಂತಿಸುರುಳಿಯು ಹೊಮ್ಮಿಸುವ, ಸಾಮಾನ್ಯವಾಗಿ 125 ಕಿಲೋಹರ್ಟ್ಸ್‌ನ ತರಂಗದಿಂದಲೇ ಶಕ್ತಿ ಪಡೆದು ಅದು ತನ್ನ ಗುರುತನ್ನು ತಿಳಿಸುತ್ತದೆ. ಗುರುತು ತಾಳೆಯಾಗದಿದ್ದರೆ ಇಮ್ಮೊಬಿಲೈಸರ್ ಇಂಜಿನ್ನನ್ನು ನಡೆಯಗೊಡದು. ಬ್ರಿಟನ್ನಿನಲ್ಲಿ 1998ರಿಂದ, ಆಸ್ಟ್ರೇಲಿಯಾದಲ್ಲಿ 2001ರಿಂದ ಹೊಸ ಕಾರುಗಳಿಗೆ ಈ ವ್ಯವಸ್ಥೆ ಕಡ್ಡಾಯವಾಯಿತು. ನಮ್ಮಲ್ಲಿ ಮಾರುತಿ ಸಂಸ್ಥೆ ಇದನ್ನು ಐಕ್ಯಾಟ್ಸ್ ಎಂದು ಕರೆಯಿತು.

ಒಂದು ಕೀಲಿಕೈ ಉಳಿದಿದ್ದರೆ ಕೆಲಸ ಹಗುರ. ವಿಶ್ವೇಶ್ವರಯ್ಯ ಗೋಪುರದ ಉದ್ಯಾನದಲ್ಲಿ ಒಂದು ಬಿದ್ದುಹೋಗಿ, ಮತ್ತೊಂದು ಹಿಂದೆಯೇ ಕಾಣೆಯಾಗಿದ್ದರೆ ತಂತ್ರಜ್ಞರು ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಕೀಲಿಯ ಸಂಖ್ಯೆಯಿಂದ ಅಥವಾ ಬೀಗವನ್ನೇ ಪರೀಕ್ಷಿಸಿ ಅಲಗನ್ನು ಕಡಿಯುತ್ತಾರೆ. ಬಳಿಕ ಸ್ಟೀರಿಂಗಿನ ಕೆಳಬದಿಯ 16 ಪಿನ್ನುಗಳ ಓಬಿಡಿ ಸಾಕೆಟ್ಟಿಗೆ ಉಪಕರಣ ಜೋಡಿಸಿ, ಹಲವು ಕಾರುಗಳಲ್ಲಿ ಭದ್ರತಾ ಸಂಕೇತವನ್ನೂ ಒದಗಿಸಿ, ಹೊಸ ಚಿಪ್ಪನ್ನು ಕಾರಿನ ಸ್ಮರಣೆಯಲ್ಲಿ ದಾಖಲಿಸುತ್ತಾರೆ. ಆಗಲೇ ಹಳೆಯ ಕೀಲಿಗಳನ್ನು ಅಳಿಸುವಂತೆ ಕೇಳತಕ್ಕದ್ದು. ಅಳಿಸಿದರೂ ಹಳೆಯ ಅಲಗು ಬಾಗಿಲನ್ನು ತೆರೆಯಬಲ್ಲದು. ಇಂಜಿನ್ ಮಾತ್ರ ಹೊರಡದು. 2015ರ ಡಿಸೆಂಬರಿನ ನೆರೆಯಂಥ ಸಂದರ್ಭದಲ್ಲಿ ನೀರು ಹೊಕ್ಕು ಇಂಜಿನ್ ನಿಯಂತ್ರಕವನ್ನು ಬದಲಿಸಬೇಕಾಗಿ ಬಂದರೆ, ಕೈಯಲ್ಲಿರುವ ಕೀಲಿಯನ್ನೇ ಮತ್ತೆ ಪರಿಚಯಿಸಬೇಕಾಗಬಹುದು.

ಅಧಿಕೃತ ಮಾರಾಟಗಾರರು ಆರ್.ಸಿ. ಹಾಗೂ ಮಾಲೀಕರ ಗುರುತಿನ ಪತ್ರ ಕೇಳುತ್ತಾರೆ. ಕೀಲಿಯನ್ನು ಕಂಪನಿಯಿಂದ ತರಿಸಬೇಕಾದರೆ ಕೆಲವು ದಿನ ಹಿಡಿಯುತ್ತದೆ. ಮನೆಬಾಗಿಲಿಗೇ ಬಂದು ಮಾಡಿಕೊಡುವ ಖಾಸಗಿಯವರೂ ಇದ್ದಾರೆ. ದಾಖಲೆ ಕೇಳದವರನ್ನು ನಾವು ಒಪ್ಪುವುದಿಲ್ಲ. ನಮ್ಮನ್ನು ಕೇಳದವರು ಕಳ್ಳನನ್ನೂ ಕೇಳಲಾರರು.

ಖರ್ಚಿಗಿಂತ ದೊಡ್ಡ ಚಿಂತೆ ವಿಮೆಯದು. ಕಾರು ಕಳವಾದಾಗ ವಿಮಾ ಕಂಪನಿಗಳು ಸಾಮಾನ್ಯವಾಗಿ ಮೂಲ ಕೀಲಿಕೈಗಳೆರಡನ್ನೂ ಕೇಳುತ್ತವೆ. ಒಂದಿಲ್ಲದಿದ್ದರೆ ಪರಿಹಾರಕ್ಕೆ ತಕರಾರು ಬರಬಹುದು. ಆದ್ದರಿಂದ ಕೀಲಿ ಕಳೆದ ಕೂಡಲೇ ಪೊಲೀಸ್ ಠಾಣೆಗೂ ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ, ಪ್ರತಿಗಳನ್ನು ಕಾಯ್ದಿರಿಸಿಕೊಳ್ಳಬೇಕು. ಪಾಲಿಸಿಯಲ್ಲಿ ಕೀಲಿ ಬದಲಾವಣೆಯ ಹೆಚ್ಚುವರಿ ರಕ್ಷಣೆ ಇದ್ದರೆ ವೆಚ್ಚವೂ ಷರತ್ತಿಗೊಳಪಟ್ಟು ದೊರೆಯುತ್ತದೆ.

ಅನೇಕ ಹೊಸ ಕಾರುಗಳ ಕೀಲಿಗೊಂಚಲಿನಲ್ಲಿ ಸಂಖ್ಯೆ ಕೊರೆದ ಪುಟ್ಟ ಬಿಲ್ಲೆಯೊಂದು ಇರುತ್ತದೆ. ಅದನ್ನು ಮೊದಲ ದಿನವೇ ಬಿಡಿಸಿ ಮನೆಯ ಕಾಗದಪತ್ರಗಳೊಡನೆ ಇಡಬೇಕು, ಕಾರಿನಲ್ಲಲ್ಲ.