ಆಸ್ಕಾಟಿಗೆ ಏನುಡುವುದು?

ತಂಗಿಯ ಮಗಳು ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ದಾದಿ. ಒಂದು ರಾತ್ರಿ ಫೋನು ಮಾಡಿದಳು. "ಮಾವಾ, ಜೊತೆಯಲ್ಲಿ ಕೆಲಸ ಮಾಡುವವರು ಆಸ್ಕಾಟಿನ ಕುದುರೆ ಪಂದ್ಯಕ್ಕೆ ಕರೆದಿದ್ದಾರೆ. ಏನು ಉಡುವುದೆಂದೇ ಗೊತ್ತಾಗುವುದಿಲ್ಲ." ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿ, ಬಿಳಿ ಮುಂಡಿನಲ್ಲೇ ಆಯುಸ್ಸು ಕಳೆದವನಲ್ಲಿ ಕೇಳುವ ಪ್ರಶ್ನೆಯೇ ಇದು?

ಅವಳಲ್ಲಿ ಒಂದು ಕಾಸರಗೋಡು ಸೀರೆ ಇತ್ತು. ತಂಗಿ ಕನ್ನಡ ಶಾಲೆಗೆ ಟೀಚರಾಗಿ ಸೇರಿದಾಗ ಮೊದಲ ಸಂಬಳದಲ್ಲಿ ಉದಯಗಿರಿಯ ನೇಕಾರರ ಸಹಕಾರಿ ಸಂಘದಿಂದ ಕೊಂಡ ಹಸಿರು ಸೀರೆ. ಮಗಳು ವಿದೇಶಕ್ಕೆ ಹೊರಟಾಗ ಪೆಟ್ಟಿಗೆಯಲ್ಲಿಟ್ಟು ಕಳಿಸಿದ್ದಳು. "ಅದನ್ನುಟ್ಟರೆ ನಗುವರೋ ಏನೋ. ಬರೀ ಹತ್ತಿ. ಪಟ್ಟೆ ಸೀರೆಯಾದರೂ ಆಗಿದ್ದರೆ..." ಎಂದಳು. ತಂಗಿ ಪಕ್ಕದಲ್ಲೇ ಇದ್ದಳು. ಮಾತಾಡದೆ ಒಳಗೆ ಹೋದಳು.

"ನಾಳೆ ಹೇಳುತ್ತೇನೆ" ಎಂದು ಫೋನಿಟ್ಟು ನಾನು ಪುಸ್ತಕಗಳ ಮುಂದೆ ಕುಳಿತೆ.

ವಿಂಡ್ಸರ್ ಅರಮನೆಯ ಹತ್ತಿರದ ಬಯಲನ್ನು ಮೆಚ್ಚಿ ಆಸ್ಕಾಟಿನಲ್ಲಿ ಪಂದ್ಯ ಆರಂಭಿಸಿದವಳು ರಾಣಿ ಆ್ಯನ್, 1711ರಲ್ಲಿ. ಅಲ್ಲಿನ ಗಂಡಸರ ಉಡುಪಿನ ಮೂಲ ಹುಡುಕಿದರೆ ಬ್ಯೂ ಬ್ರಮ್ಮೆಲ್ ಎಂಬವನ ಹೆಸರು ಬರುತ್ತದೆ. ಇವನು ದೊಡ್ಡ ಮನೆತನದವನಲ್ಲ. ಅಜ್ಜ ಪರರ ಮನೆಯಲ್ಲಿ ಪರಿಚಾರಕನಾಗಿದ್ದವನು. ಆದರೂ ರಾಜಕುಮಾರನ ಸ್ನೇಹ ಗಳಿಸಿ, ಜರಿ, ರೇಷ್ಮೆಗಳ ಆಡಂಬರ ಬಿಡಿಸಿ, ಕಡುಬಣ್ಣದ ಕೋಟು ಮತ್ತು ಶುಭ್ರವಾದ ಬಿಳಿ ಕೊರಳಪಟ್ಟಿಯೇ ಸಭ್ಯತೆ ಎಂದು ಇಡೀ ಲಂಡನ್ನನ್ನು ಒಪ್ಪಿಸಿದ. 1816ರಲ್ಲಿ ಸಾಲಗಾರರಿಗೆ ಹೆದರಿ ಫ್ರಾನ್ಸಿಗೆ ಓಡಿಹೋಗಿ, 1840ರಲ್ಲಿ ಅಲ್ಲೇ ದಿಕ್ಕಿಲ್ಲದೆ ಸತ್ತ. ಅವನು ಹಾಕಿಕೊಟ್ಟ ಮೇಲ್ಪಂಕ್ತಿ ಮಾತ್ರ ಉಳಿಯಿತು. ಅರಮನೆಯವರಿಗೆ ಉಡಲು ಕಲಿಸಿದವನು ಹೊರಗಿನವನು ಎಂಬುದು ನನಗೆ ಸಣ್ಣ ಸಂಗತಿಯಾಗಿ ತೋರಲಿಲ್ಲ.

ಆಸ್ಕಾಟಿನ ಚರಿತ್ರೆಯಲ್ಲಿ ಮರೆಯಲಾಗದ್ದು 1910ರ ಜೂನ್. ಕುದುರೆಯ ಹುಚ್ಚಿನ ದೊರೆ ಏಳನೆಯ ಎಡ್ವರ್ಡ್ ಮೇ 6ರಂದು ತೀರಿಹೋದ. ಅಂದೇ ಅವನ ಕುದುರೆಯೊಂದು ಇನ್ನೊಂದು ಕಡೆ ಪಂದ್ಯ ಗೆದ್ದಿತ್ತು. ಮುಂದಿನ ತಿಂಗಳ ಪಂದ್ಯವನ್ನು ನಿಲ್ಲಿಸಲಿಲ್ಲ. ಬಂದವರೆಲ್ಲ ಕಪ್ಪು ತೊಟ್ಟು ಬಂದರು. ಆಗಿನ ಹೆಂಗಸರ ಟೊಪ್ಪಿಯೆಂದರೆ ನಮ್ಮ ಮುಟ್ಟಾಳೆಯಂತೆ ತಲೆಗಂಟಿದ್ದಲ್ಲ, ಕೊಡೆಯಷ್ಟಗಲದ್ದು. ಅದರ ಮೇಲೆ ಉಷ್ಟ್ರಪಕ್ಷಿಯ ಕಪ್ಪು ಗರಿಗಳು. ಶೋಕವೂ ಶೋಕಿಯೂ ಒಂದೇ ಬಟ್ಟೆಯಲ್ಲಿ! ‘ಮೈ ಫೇರ್ ಲೇಡಿ’ಗೆ ಸಿಸಿಲ್ ಬೀಟನ್ ಹೊಲಿಸಿದ ಕಪ್ಪು ಬಿಳುಪಿನ ಉಡುಪುಗಳ ಹಿಂದೆ ಈ ಕರಿಯ ಆಸ್ಕಾಟಿನ ನೆರಳಿದೆ. ಆ ಕಥೆಯಲ್ಲೂ ಹೂ ಮಾರುವ ಹುಡುಗಿಗೆ ಸೊಗಸಾದ ಬಟ್ಟೆ ತೊಡಿಸಿ ಪಂದ್ಯಕ್ಕೆ ಒಯ್ಯುತ್ತಾರೆ. ಬಟ್ಟೆ ಒಳಗೆ ಬಿಡಿಸುತ್ತದೆ. ಬಾಯಿ ತೆರೆದಾಗ ಗುಟ್ಟು ರಟ್ಟಾಗುತ್ತದೆ. ಭಾಷೆಯಿಂದ ಗುರುತಿಸಲ್ಪಡುವುದೇನೆಂದು ಗಡಿಯವರಾದ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಮರ್ಯಾದೆಯ ಉಡುಪು ನಮ್ಮಲ್ಲೂ ಉಂಟು. ಎತ್ತಿಕಟ್ಟಿದ ಮುಂಡನ್ನು ಹಿರಿಯರು ಎದುರಾದಾಗ ಇಳಿಸಬೇಕೆಂದು ಯಾರೂ ಬರೆದಿಟ್ಟಿಲ್ಲ. ಕನ್ನಡದವನೂ ಇಳಿಸುತ್ತಾನೆ, ಮಲೆಯಾಳದವನೂ ಇಳಿಸುತ್ತಾನೆ. ಆದರೆ ತಿರುವಿತಾಂಕೂರಿನ 1859ರ ಘೋಷಣೆಯನ್ನೂ ಮರೆಯಬಾರದು. ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳಬಹುದು, ಆದರೆ ಮೇಲ್ಜಾತಿಯವರ ರೀತಿಯಲ್ಲಿ ಅಲ್ಲ ಎಂದಿತು ಅದು. ಮರ್ಯಾದೆಯ ಹೆಸರಿನಲ್ಲಿ ಬಾಗಿಲು ಮುಚ್ಚುವುದೂ ಹೀಗೆಯೇ. ಆಸ್ಕಾಟಿನ ರಾಜಾವರಣಕ್ಕೆ 1955ರ ವರೆಗೆ ವಿಚ್ಛೇದನ ಪಡೆದವರಿಗೆ ಪ್ರವೇಶವಿರಲಿಲ್ಲ. ಅವರು ಎಂಥ ಟೊಪ್ಪಿ ಇಟ್ಟರೂ ಅಷ್ಟೆ.

ಇಂಥ ಕಟ್ಟು ಹೇಗೆ ಮುರಿಯುತ್ತದೆ ಎಂಬುದಕ್ಕೆ ಮೆಲ್ಬೋರ್ನಿನ ಕಥೆ ಇದೆ. 1965ರ ಅಕ್ಟೋಬರ್ 30ರಂದು ಡರ್ಬಿ ಪಂದ್ಯಕ್ಕೆ ಜೀನ್ ಶ್ರಿಂಪ್ಟನ್ ಎಂಬ ಇಂಗ್ಲಿಷ್ ರೂಪದರ್ಶಿ ಬಂದಳು. ಮೊಣಕಾಲಿಗಿಂತ ಸುಮಾರು 10 ಸೆಂಟಿಮೀಟರ್ ಮೇಲೆ ನಿಂತ ಬಿಳಿ ಉಡುಪು. ಟೊಪ್ಪಿಯಿಲ್ಲ, ಕೈಗವಸಿಲ್ಲ, ಕಾಲುಚೀಲವಿಲ್ಲ. ಊರಿಗೆ ಊರೇ ಮುಖ ಸಿಂಡರಿಸಿತು. ಕ್ರಾಂತಿಯ ಕಾರಣ ಬಹಳ ಸಾಧಾರಣ: ಕೊಟ್ಟ ಬಟ್ಟೆ ಸಾಲದೆ ಗಿಡ್ಡವಾಗಿ ಹೊಲಿದದ್ದಂತೆ! ಮೂರು ದಿನ ಕಳೆದು ಕಪ್ ಪಂದ್ಯಕ್ಕೆ ಅವಳು ಟೊಪ್ಪಿ, ಕೈಗವಸು ಎಲ್ಲ ತೊಟ್ಟೇ ಬಂದಳು. ಆದರೆ ಆಸ್ಟ್ರೇಲಿಯದ ಹುಡುಗಿಯರ ಲಂಗಗಳು ಮತ್ತೆ ಕೆಳಗಿಳಿಯಲಿಲ್ಲ.

ಆಸ್ಕಾಟಿನಲ್ಲಿ ಈಗಲೂ ಅಳತೆಕೋಲಿನ ಕಾಯಿದೆಗಳಿವೆ. 2012ರಲ್ಲಿ ರಾಜಾವರಣದ ಹೆಂಗಸರ ಶಿರೋಭೂಷಣದ ತಳ ಕಡಿಮೆಯೆಂದರೆ 4 ಇಂಚು ಇರಬೇಕೆಂದು ವಿಧಿಸಿದರು. ಅದೇ ಕಾಯಿದೆಯಲ್ಲಿ ಇನ್ನೊಂದು ಮಾತೂ ಇದೆ: ಹೊರದೇಶದವರು ತಮ್ಮ ನಾಡಿನ ಉಡುಪಿನಲ್ಲಿ ಬರಬಹುದು. 2022ರ ಜೂನ್ 16ರಂದು, ಗೋಲ್ಡ್ ಕಪ್ ಓಡುವ ಗುರುವಾರ, ಭಾರತದ ನೇಕಾರರಿಗೆ ಬೆಂಬಲವಾಗಿ ಸಾವಿರದಷ್ಟು ಹೆಂಗಸರು ಸೀರೆಯುಟ್ಟು ಅಲ್ಲಿಗೆ ಹೋದರು.

ಇದನ್ನೆಲ್ಲ ಮರುದಿನ ಮಗಳಿಗೆ ಹೇಳಿದೆ. "ನಮ್ಮ ನಾಡಿನ ಉಡುಪು ಅಂದರೆ ಯಾವುದು ಮಾವಾ? ಇಲ್ಲಿಯ ಮಲೆಯಾಳಿಗಳು ನನ್ನನ್ನು ಕನ್ನಡದವಳೆನ್ನುತ್ತಾರೆ, ಬೆಂಗಳೂರಿನವರು ಕೇರಳದವಳೆನ್ನುತ್ತಾರೆ" ಎಂದಳು. ಕಾಸರಗೋಡು ಸೀರೆಗೆ ಅದರ ಊರಿನ ಹೆಸರಿನಲ್ಲೇ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಉಡುವವಳು ಯಾವ ಭಾಷೆಯವಳೆಂದು ಅದರಲ್ಲಿ ಕೇಳಿಲ್ಲ ಎಂದೆ. ಅವಳು ನಕ್ಕಳು. ಉಡುತ್ತೇನೆ ಎಂದೇನೂ ಹೇಳಲಿಲ್ಲ.

ಜೂನಿನಲ್ಲಿ ಫೋಟೋ ಬಂತು. ಹಸಿರು ಸೀರೆ, ತಲೆಯ ಮೇಲೆ ಓರೆಯಾಗಿ ಒಂದು ಪುಟ್ಟ ಕಪ್ಪು ಟೊಪ್ಪಿ. ನನಗೆ ನಗು ತಡೆಯಲಾಗಲಿಲ್ಲ. ತಂಗಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು. "ನೆರಿಗೆ ಸರಿಯಾಗಿ ಹಿಡಿದಿಲ್ಲ" ಎಂದಳು. ಆಮೇಲೆ, ಅಲ್ಲಿ ಮಳೆ ಬಂತೇ ಎಂದು ಕೇಳಿದಳು. ಬಂದಿತ್ತಂತೆ. "ಬರಲಿ, ಅದು ಬಣ್ಣ ಬಿಡುವ ಸೀರೆಯಲ್ಲ."