ಹೆಸರು ಮುಂಬೈ, ತವರು ಪುಣೆ: ಮೈದಾನವಿಲ್ಲದೆ ಊರು ಬಿಟ್ಟ ಮುಂಬೈ ಎಫ್‌ಸಿ ಕಥೆ

ಬೆಂಗಳೂರು ಎಫ್‌ಸಿ ತನ್ನ ತವರು ಪಂದ್ಯಗಳನ್ನೆಲ್ಲ ಸೀಸನ್‌ಗಟ್ಟಲೆ ಮೈಸೂರಿನಲ್ಲಿ ಆಡಿದರೆ ಹೇಗಿರುತ್ತದೆ? ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ಡೋಲು ಬಡಿದು ಕೂಗುವ ಹುಡುಗರಲ್ಲಿ ಎಷ್ಟು ಮಂದಿ ವಾರದ ನಡುವೆ ಕೆಲಸ ಬಿಟ್ಟು ಅಲ್ಲಿಗೆ ಹೋದಾರು? ಮುಂಬೈ ಎಫ್‌ಸಿ ಎಂಬ ತಂಡಕ್ಕೆ ಆದದ್ದು ಹೆಚ್ಚುಕಡಿಮೆ ಇದೇ. ಜರ್ಸಿಯ ಮೇಲೆ ಮುಂಬೈ ಎಂದಿತ್ತು. 'ತವರು' ಪಂದ್ಯ ನಡೆಯುತ್ತಿದ್ದದ್ದು ಸುಮಾರು 150 ಕಿ.ಮೀ. ದೂರದ ಪುಣೆಯ ಬಾಲೆವಾಡಿಯಲ್ಲಿ. ಹುಟ್ಟಿ ಹತ್ತು ವರ್ಷಕ್ಕೆ ಆ ತಂಡವೇ ಇಲ್ಲವಾಯಿತು.

ಕ್ರೀಡಾ ತಂಡಗಳು ಊರು ಬದಲಿಸುವುದು ಹೊಸದಲ್ಲ. ಉತ್ತರ ಅಮೆರಿಕದ ಐಸ್ ಹಾಕಿಯಲ್ಲಂತೂ ಅದು ಮನೆ ಬಾಡಿಗೆಗೆ ಹಿಡಿದಷ್ಟೇ ಸಲೀಸು. ಕ್ಯಾಲ್ಗರಿ ಫ್ಲೇಮ್ಸ್‌ನ ಕೆಳಹಂತದ ತಂಡ ಕೆನಡಾದ ಆ್ಯಬಟ್ಸ್‌ಫರ್ಡ್‌ನಿಂದ 2014ರಲ್ಲಿ ನ್ಯೂಯಾರ್ಕ್ ರಾಜ್ಯಕ್ಕೆ ಹೋಯಿತು. ಮರುವರ್ಷವೇ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ಗೆ ಗಂಟುಮೂಟೆ ಕಟ್ಟಿತು. 2022ರಲ್ಲಿ ಕ್ಯಾಲ್ಗರಿಗೇ ಬಂದು ಸೇರಿತು. ಪ್ರತಿ ಊರಿನಲ್ಲೂ ಹೊಸ ಹೆಸರು. ಮುಂಬೈ ಎಫ್‌ಸಿಯದ್ದು ಇದಕ್ಕೆ ಉಲ್ಟಾ: ಹೆಸರು ಇದ್ದಲ್ಲೇ ಇತ್ತು, ತಂಡ ಮಾತ್ರ ಬೇರೆ ಊರಲ್ಲಿತ್ತು.

ಎಲ್ಲರೂ ನೆಚ್ಚಿದ್ದ ಒಂದೇ ಮೈದಾನ

ಮುಂಬೈ ಫುಟ್ಬಾಲ್‌ನ ಮನೆ ಎಂದರೆ ಕೂಪರೇಜ್. ಚರ್ಚ್‌ಗೇಟ್ ನಿಲ್ದಾಣದಲ್ಲಿ ಇಳಿದು, ಓವಲ್ ಮೈದಾನ ದಾಟಿ ನಡೆದೇ ಹೋಗಬಹುದಾದ ಜಾಗ. 1891ರಲ್ಲಿ ಶುರುವಾದ ರೋವರ್ಸ್ ಕಪ್‌ನೊಂದಿಗೆ ತಳುಕು ಹಾಕಿಕೊಂಡ ಹೆಸರದು. ಕನ್ನಡಿಗರು ನೆನಪಿಡಬೇಕಾದ ಸಂಗತಿಯೊಂದು ಇಲ್ಲಿದೆ: ಬ್ರಿಟಿಷ್ ಸೇನಾ ತಂಡಗಳೇ ಮೆರೆಯುತ್ತಿದ್ದ ಆ ಟೂರ್ನಿಯನ್ನು ಗೆದ್ದ ಮೊದಲ ಭಾರತೀಯ ತಂಡ ಕೋಲ್ಕತ್ತದ್ದಲ್ಲ, ನಮ್ಮ 'ಬೆಂಗಳೂರು ಮುಸ್ಲಿಮ್ಸ್'. 1937ರಲ್ಲಿ ಗೆದ್ದು, 1938ರಲ್ಲಿ ಮತ್ತೆ ಗೆದ್ದಿತು.

ಈ ಮೈದಾನವನ್ನೇ ನಂಬಿಕೊಂಡು 2007ರಲ್ಲಿ ಎಸ್ಸೆಲ್ ಸಮೂಹ ಮುಂಬೈ ಎಫ್‌ಸಿಯನ್ನು ಕಟ್ಟಿತು. ಇಂಗ್ಲೆಂಡಿನ ಡೇವಿಡ್ ಬೂತ್ ಕೋಚ್. 2008ರಲ್ಲಿ ಎರಡನೇ ಡಿವಿಷನ್ ಗೆದ್ದು ತಂಡ ಐ-ಲೀಗ್‌ಗೆ ಬಡ್ತಿ ಪಡೆಯಿತು. 2008-09ರ ಐ-ಲೀಗ್‌ನ 12 ತಂಡಗಳಲ್ಲಿ ಮೂರು ಮುಂಬೈನವೇ: ಮಹೀಂದ್ರಾ ಯುನೈಟೆಡ್, ಏರ್ ಇಂಡಿಯಾ ಮತ್ತು ಮುಂಬೈ ಎಫ್‌ಸಿ. ಈಗ ನೋಡಿದರೆ ನಂಬುವುದು ಕಷ್ಟ.

ಆ ಮೂರರಲ್ಲಿ ಮೊದಲು ಉರುಳಿದ್ದು ಹಿರಿಯಣ್ಣನೇ. 1962ರಲ್ಲಿ ಶುರುವಾಗಿ, 2005-06ರಲ್ಲಿ ರಾಷ್ಟ್ರೀಯ ಫುಟ್ಬಾಲ್ ಲೀಗ್ ಗೆದ್ದಿದ್ದ ಮಹೀಂದ್ರಾ ಯುನೈಟೆಡ್ ಅನ್ನು 2009-10ರ ಸೀಸನ್ ಮುಗಿಯುತ್ತಿದ್ದಂತೆ ಕಂಪನಿ ಮುಚ್ಚಿತು. ಇನ್ನು ಶಾಲಾ ಮಕ್ಕಳ ಫುಟ್ಬಾಲ್‌ಗೆ ಒತ್ತು ಕೊಡುತ್ತೇವೆ ಎಂಬುದು ಕಂಪನಿಯ ಮಾತು. ಒಳ್ಳೆಯ ಉದ್ದೇಶವೇ, ಆದರೆ ಆ ಮಕ್ಕಳು ಬೆಳೆದು ಯಾವ ತಂಡ ಸೇರಬೇಕು?

ಎಕ್ಸ್‌ಪ್ರೆಸ್‌ವೇ ಆಚೆಗಿನ 'ತವರು'

2010ರ ದಶಕದ ಆರಂಭದಲ್ಲಿ ಕೂಪರೇಜ್ ನವೀಕರಣಕ್ಕಾಗಿ ಮುಚ್ಚಿತು. ಎರಡು ಕೋಟಿ ದಾಟುವ ಜನರಿರುವ ಮಹಾನಗರದಲ್ಲಿ ಐ-ಲೀಗ್ ಪಂದ್ಯ ಆಡಿಸಲು ಇನ್ನೊಂದು ಮೈದಾನ ಹೊಂದಲಿಲ್ಲ. ಮುಂಬೈ ಎಫ್‌ಸಿ, ಏರ್ ಇಂಡಿಯಾ ಎರಡೂ ಪುಣೆಯ ಬಾಲೆವಾಡಿಯ ಶಿವ ಛತ್ರಪತಿ ಕ್ರೀಡಾ ಸಂಕುಲಕ್ಕೆ ಹೋದವು. 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಜಾಗ ಅದು. ಸೌಲಭ್ಯಕ್ಕೆ ಕೊರತೆಯಿರಲಿಲ್ಲ. ಆದರೆ ಅದು ಅದಾಗಲೇ ಪುಣೆ ಎಫ್‌ಸಿಯ ಮನೆ. ಒಂದೇ ಅಂಗಳದಲ್ಲಿ ಮೂರು ತಂಡಗಳ ಸಂಸಾರ.

ಅಭಿಮಾನಿಯ ಪಾಡು ಯೋಚಿಸಿ. ಬೊರಿವಲಿಯಲ್ಲೋ ಡೊಂಬಿವಲಿಯಲ್ಲೋ ಇರುವವನಿಗೆ ಲೋಕಲ್ ರೈಲಿನಲ್ಲಿ ಚರ್ಚ್‌ಗೇಟ್ ತಲುಪುವುದೇ ಒಂದು ಸಾಹಸ. ಆದರೂ ಅದು ದಿನನಿತ್ಯದ ದಾರಿ, ಕೈಯಲ್ಲಿ ಪಾಸ್ ಇರುತ್ತದೆ. ಬಾಲೆವಾಡಿಗೆ ಹೋಗಬೇಕಾದರೆ ರಜೆ ಹಾಕಬೇಕು. ಹೆಸರಾಂತ ಡೆಕ್ಕನ್ ಕ್ವೀನ್ ರೈಲೂ ಉಪಯೋಗಕ್ಕಿಲ್ಲ. ಅದು ಬೆಳಿಗ್ಗೆ ಪುಣೆಯಿಂದ ಮುಂಬೈಗೆ ಬಂದು, ಸಂಜೆ 5 ಗಂಟೆಯ ನಂತರ ವಾಪಸ್ ಹೊರಡುವ ಗಾಡಿ. ಅದರ ವೇಳಾಪಟ್ಟಿ ಮುಂಬೈಗೆ ಕೆಲಸಕ್ಕೆ ಬರುವ ಪುಣೆಯವರಿಗೆ ಹೊಂದುವಂಥದ್ದು, ಮುಂಬೈನಿಂದ ಮ್ಯಾಚ್ ನೋಡಲು ಹೋಗುವವರಿಗಲ್ಲ. ಇತ್ತ ಪುಣೆಯ ಪ್ರೇಕ್ಷಕನಿಗೆ ತನ್ನದೇ ತಂಡವಿರುವಾಗ ಮುಂಬೈಗೆ ಜೈ ಎನ್ನಲು ಕಾರಣವೂ ಇರಲಿಲ್ಲ.

ಇಂಥ ಸ್ಥಿತಿಯಲ್ಲೂ ತಂಡ ಉಳಿದದ್ದರ ಶ್ರೇಯ ಬಹುಪಾಲು ಖಾಲಿದ್ ಜಮೀಲ್ ಅವರಿಗೆ ಸಲ್ಲಬೇಕು. ಮುಂಬೈನ ಕ್ಲಬ್‌ಗಳಲ್ಲೇ ಆಡಿ ಬೆಳೆದ ಅವರು 2009ರಲ್ಲಿ ಕೋಚ್ ಹುದ್ದೆ ವಹಿಸಿಕೊಂಡು, 2016ರವರೆಗೆ ಬಿಡಲಿಲ್ಲ. ಭಾರತೀಯ ಫುಟ್ಬಾಲ್‌ನಲ್ಲಿ ಕೋಚ್ ಒಬ್ಬರು ಏಳು ವರ್ಷ ಒಂದೇ ಕಡೆ ಉಳಿಯುವುದು ಅಪರೂಪ. ತಂಡ ಲೀಗ್ ಗೆಲ್ಲಲಿಲ್ಲ, ಕೆಳಗೂ ಬೀಳಲಿಲ್ಲ. ಪ್ರತಿ ವರ್ಷ ಹಿಂಬಡ್ತಿಯ ಅಂಚಿನಲ್ಲಿ ತೂಗಾಡಿ ಪಾರಾಗುವುದೇ ಅವರ ಕಸುಬಾಗಿಹೋಗಿತ್ತು. ಅಷ್ಟರಲ್ಲಿ 2013ರಲ್ಲಿ ಕ್ಲಬ್ ಲೈಸೆನ್ಸಿಂಗ್ ನಿಯಮ ಪೂರೈಸಲಿಲ್ಲವೆಂದು ಏರ್ ಇಂಡಿಯಾ ತಂಡವನ್ನು ಐ-ಲೀಗ್‌ನಿಂದ ಕೈಬಿಡಲಾಯಿತು. ಮೂವರಲ್ಲಿ ಉಳಿದದ್ದು ಒಬ್ಬರೇ.

ಮನೆಗೆ ಬಂದಾಗ ಹೊಸ ಮಾಲೀಕರು

ಕೃತಕ ಹುಲ್ಲು ಹಾಸಿದ ಕೂಪರೇಜ್‌ಗೆ ಮುಂಬೈ ಎಫ್‌ಸಿ ಕೊನೆಗೂ ಮರಳಿತು. ಆದರೆ ಊರಿನ ಲೆಕ್ಕಾಚಾರ ಬದಲಾಗಿತ್ತು. 2014ರಲ್ಲಿ ಐಎಸ್‌ಎಲ್ ಶುರುವಾಗಿ, ರಣಬೀರ್ ಕಪೂರ್ ಸಹ-ಮಾಲೀಕತ್ವದ ಮುಂಬೈ ಸಿಟಿ ಎಫ್‌ಸಿ ನವಿ ಮುಂಬೈನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಆಡತೊಡಗಿತ್ತು. ಪ್ರಾಯೋಜಕರು, ಟಿವಿ, ಪತ್ರಿಕೆಗಳ ಜಾಗ ಎಲ್ಲವೂ ಅತ್ತ. ಹೆಸರೂ ಒಂದೇ ಬಗೆಯದು, ಹೊಸದಾಗಿ ನೋಡುವವರಿಗೆ ಎರಡು ಬೇರೆ ತಂಡ ಎಂದು ಬಿಡಿಸಿ ಹೇಳಬೇಕಿತ್ತು.

2016-17ರಲ್ಲಿ ಜಮೀಲ್ ಇಲ್ಲದ ಮುಂಬೈ ಎಫ್‌ಸಿ ಪಟ್ಟಿಯ ಕೊನೆಗೆ ಬಿದ್ದು ಹಿಂಬಡ್ತಿ ಪಡೆಯಿತು. ಅದೇ ಸೀಸನ್‌ನಲ್ಲಿ ಐ-ಲೀಗ್ ಗೆದ್ದದ್ದು ಮಿಜೋರಾಂನ ಪುಟ್ಟ ತಂಡ ಐಜಾಲ್ ಎಫ್‌ಸಿ. ಅದರ ಕೋಚ್ ಯಾರು ಗೊತ್ತೇ? ಖಾಲಿದ್ ಜಮೀಲ್. 2025ರಲ್ಲಿ ಅವರು ಭಾರತ ತಂಡದ ಕೋಚ್ ಆದರು. ಮುಂಬೈ ಎಫ್‌ಸಿ ಎರಡನೇ ಡಿವಿಷನ್‌ನಲ್ಲಿ ಮುಂದುವರಿಯಲಿಲ್ಲ, ಬಾಗಿಲು ಹಾಕಿತು.

ಊರು ಬಿಟ್ಟ ಬೇರೆ ತಂಡಗಳ ಗತಿಯೂ ಇದರ ಜೊತೆ ನೋಡಬೇಕಾದದ್ದೇ. 2019ರಲ್ಲಿ ಡೆಲ್ಲಿ ಡೈನಮೋಸ್ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಅದೇ ವರ್ಷ ಎಫ್‌ಸಿ ಪುಣೆ ಸಿಟಿ ನಿಂತುಹೋಗಿ, ಅದರ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಹೈದರಾಬಾದ್ 2021-22ರ ಐಎಸ್‌ಎಲ್ ಕಪ್ ಗೆದ್ದೂ ಬಿಟ್ಟಿತು, ಅದೂ ಕೋವಿಡ್ ಕಾರಣಕ್ಕೆ ಇಡೀ ಟೂರ್ನಿ ನಡೆದ ಗೋವಾದಲ್ಲಿ. 2025ರಲ್ಲಿ ಆ ತಂಡವೂ ದೆಹಲಿಗೆ ಹೋಗಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಆಗಿದೆ. ಇಂಗ್ಲೆಂಡಿನಲ್ಲಿ ವಿಂಬಲ್ಡನ್ ತಂಡವನ್ನು ಮಿಲ್ಟನ್ ಕೀನ್ಸ್‌ಗೆ ಒಯ್ಯಲು ಒಪ್ಪಿಗೆ ಸಿಕ್ಕಾಗ ಅಭಿಮಾನಿಗಳು 2002ರಲ್ಲಿ ತಾವೇ ಎಎಫ್‌ಸಿ ವಿಂಬಲ್ಡನ್ ಕಟ್ಟಿದರು. ನಮ್ಮಲ್ಲಿ ತಂಡಗಳಿಗೆ ಅಷ್ಟು ಬೇರು ಬಿಡಲು ಸಮಯವೇ ಸಿಕ್ಕಿಲ್ಲ.

ಮುಂಬೈನಲ್ಲಿ ನೋಡುವವರೇ ಇಲ್ಲ ಎಂಬ ಮಾತು ಪೂರ್ತಿ ಸರಿಯಲ್ಲ. 2018ರ ಜೂನ್‌ನಲ್ಲಿ ಅಂಧೇರಿಯ ಮುಂಬೈ ಫುಟ್ಬಾಲ್ ಅರೇನಾದಲ್ಲಿ ಚೈನೀಸ್ ತೈಪೆ ವಿರುದ್ಧದ ಭಾರತದ ಪಂದ್ಯಕ್ಕೆ ಬಂದವರು ಬರೀ ಎರಡೂವರೆ ಸಾವಿರದಷ್ಟು. ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ 'ಬನ್ನಿ, ಬೈಯಲಿಕ್ಕಾದರೂ ಬನ್ನಿ' ಎಂಬ ಧಾಟಿಯಲ್ಲಿ ವಿಡಿಯೊ ಮಾಡಿದರು. ಎರಡೇ ದಿನದ ನಂತರದ ಕೀನ್ಯಾ ಪಂದ್ಯಕ್ಕೆ ಅದೇ ಅಂಧೇರಿಯಲ್ಲಿ ಟಿಕೆಟ್ ಸಿಗಲಿಲ್ಲ. ಮೈದಾನ ಊರೊಳಗೇ ಇತ್ತು, ಜನ ಬಂದರು.

ಮುಂಬೈ ಸಿಟಿ 2016ರಿಂದ ಅಂಧೇರಿಯಲ್ಲಿ ನೆಲೆಸಿದೆ. 2020-21ರಲ್ಲಿ ಲೀಗ್ ಶೀಲ್ಡ್, ಕಪ್ ಎರಡನ್ನೂ ಗೆದ್ದಾಗ ಅದೂ ಗೋವಾದಲ್ಲೇ ಇತ್ತು. 2023ರಲ್ಲಿ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಆಡುವ ಅವಕಾಶ ಸಿಕ್ಕಾಗ ಇರಾನಿನ ನಸ್ಸಾಜಿ ತಂಡವನ್ನು ಅದು ತವರಿನಲ್ಲಿ ಎದುರಿಸಿದ್ದು ಎಲ್ಲಿ? ಮತ್ತೆ ಬಾಲೆವಾಡಿಯಲ್ಲೇ. ಸೌದಿಯ ಅಲ್ ಹಿಲಾಲ್ ವಿರುದ್ಧದ ಪಂದ್ಯ ಮಾತ್ರ ನವಿ ಮುಂಬೈನಲ್ಲಿ ನಡೆಯಿತು.

ಸ್ಥಳೀಯ ಲೀಗ್ ಇನ್ನೂ ಜೀವಂತವಾಗಿದೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಹ್ಯಾಟ್ರಿಕ್ ಬಾರಿಸಿದ ನೆವಿಲ್ ಡಿಸೋಜಾ ಅವರ ಹೆಸರಿನ ಬಾಂದ್ರಾದ ಮೈದಾನದಲ್ಲಿ ಪಂದ್ಯಗಳು ನಡೆಯುತ್ತವೆ. ನಗರದ ಹಳೆಯ ಕ್ಲಬ್‌ಗಳ ಸಾಲಿನಲ್ಲಿ ಕರ್ನಾಟಕ ಸ್ಪೋರ್ಟಿಂಗ್ ಅಸೋಸಿಯೇಷನ್ ಎಂಬ ಹೆಸರೂ ಇದೆ.