ಕಣ್ಣು, ಬೆಳಕು, ಗಾಜು: ಎಆರ್ ಕನ್ನಡಕದ ಹಿಂದಿನ ಸಾವಿರ ವರ್ಷ

ರಾತ್ರಿ ಬಸ್ಸಿನ ಕಿಟಕಿಯನ್ನು ನೀವು ಗಮನಿಸಿರಬಹುದು. ಒಳಗೆ ದೀಪ ಉರಿಯುತ್ತಿದ್ದರೆ ನಿಮ್ಮ ಮುಖ ಹೊರಗಿನ ಕತ್ತಲಲ್ಲಿ ತೇಲಿದಂತೆ ಕಾಣುತ್ತದೆ. ಅದರ ಜೊತೆಗೇ ರಸ್ತೆಯ ದೀಪಗಳೂ ಕಾಣುತ್ತವೆ. ಒಂದೇ ಗಾಜು ಹೊರಗಿನ ಬೆಳಕನ್ನು ಒಳಬಿಡುತ್ತದೆ, ಒಳಗಿನ ಬೆಳಕನ್ನು ಸ್ವಲ್ಪ ಪ್ರತಿಫಲಿಸುತ್ತದೆ. ಕಣ್ಣೆದುರಿನ ದೃಶ್ಯದ ಮೇಲೆ ಕಂಪ್ಯೂಟರಿನ ಚಿತ್ರವನ್ನು ಕೂರಿಸುವ ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ಎಆರ್ ಕನ್ನಡಕದ ಮೂಲ ಉಪಾಯ ಇದೇ.

ಇದು ಒಂದು ದಿನದಲ್ಲಿ ಸಿದ್ಧಿಸಿದ್ದಲ್ಲ. ಕಣ್ಣಿನಿಂದ ಹೊರಟ ಕಿರಣ ವಸ್ತುವನ್ನು ಮುಟ್ಟಿದಾಗ ನೋಟ ಉಂಟಾಗುತ್ತದೆ ಎಂದು ಯೂಕ್ಲಿಡ್, ಟಾಲೆಮಿ ಮುಂತಾದವರು ತಿಳಿದಿದ್ದರು. ಸುಮಾರು 965ರಲ್ಲಿ ಬಸ್ರಾದಲ್ಲಿ ಜನಿಸಿ, ಕೈರೋದಲ್ಲಿ ನೆಲೆಸಿದ ಇಬ್ನುಲ್ ಹೈಸಮ್ ಇದನ್ನು ಒಪ್ಪಲಿಲ್ಲ. ಪ್ರಖರ ಬೆಳಕನ್ನು ನೋಡಿದರೆ ಕಣ್ಣು ನೋಯುತ್ತದೆ. ಆದ್ದರಿಂದ ಹೊರಗಿನಿಂದಲೇ ಏನೋ ಕಣ್ಣಿಗೆ ಬರುತ್ತಿರಬೇಕು ಎಂದು ಅವರು ವಾದಿಸಿದರು. ಏಳು ಸಂಪುಟಗಳ ‘ಕಿತಾಬುಲ್ ಮನಾಝಿರ್’ನಲ್ಲಿ ನೇರ ನೋಟ, ಪ್ರತಿಫಲನ, ವಕ್ರೀಭವನ ಮೂರನ್ನೂ ವಿವರಿಸಿದರು. ಸುಮಾರು 1200ರ ಹೊತ್ತಿಗೆ ಲ್ಯಾಟಿನ್‌ಗೆ ಅನುವಾದಗೊಂಡ ಈ ಗ್ರಂಥ 1572ರಲ್ಲಿ ಬಾಸೆಲ್‌ನಲ್ಲಿ ಮುದ್ರಣ ಕಂಡಿತು.

ಬೆಳಕು ಕಣ್ಣಿಗೆ ಬರುತ್ತದೆ ಎಂದಾದರೆ ಇನ್ನೊಂದು ಮಾತೂ ನಿಜವಾಗುತ್ತದೆ. ಕಿರಣ ಬಂದ ದಿಕ್ಕಿನಲ್ಲೇ ವಸ್ತುವಿದೆ ಎಂದು ನಾವು ನಂಬುತ್ತೇವೆ. ದಾರಿಯಲ್ಲಿ ಅದು ಎಲ್ಲಿ ತಿರುಗಿತೆಂಬುದು ಕಣ್ಣಿಗೆ ತಿಳಿಯದು. 1862ರಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್‌ನಲ್ಲಿ ಜಾನ್ ಹೆನ್ರಿ ಪೆಪ್ಪರ್ ವೇದಿಕೆಯ ಮುಂದೆ ಓರೆಯಾಗಿ ದೊಡ್ಡ ಗಾಜನ್ನು ನಿಲ್ಲಿಸಿ, ಮರೆಯಲ್ಲಿದ್ದ ನಟನನ್ನು ‘ಭೂತ’ವಾಗಿ ತೋರಿಸಿದ್ದು ಇದೇ ನಂಬಿಕೆಯ ಬಲದಿಂದ.

ಆದರೆ ಹತ್ತಿರದ ಚಿತ್ರ, ದೂರದ ದೃಶ್ಯ ಎರಡನ್ನೂ ಕಣ್ಣು ಒಮ್ಮೆಗೇ ಸ್ಪಷ್ಟವಾಗಿ ನೋಡಲಾರದು. 1900ರಲ್ಲಿ ಡಬ್ಲಿನ್ನಿನ ಹೊವಾರ್ಡ್ ಗ್ರಬ್ ಇದಕ್ಕೆ ಪರಿಹಾರ ಕೊಟ್ಟರು. ಮಸೂರದಿಂದ ಕಿರಣಗಳನ್ನು ಸಮಾಂತರಗೊಳಿಸಿದರೆ ಪಕ್ಕದಲ್ಲೇ ಇರುವ ಗುರುತು ಬಹುದೂರದಲ್ಲಿದ್ದಂತೆ ಕಾಣುತ್ತದೆ. ಅವರು ಇದನ್ನು ಬಂದೂಕಿನ ಗುರಿಗಾಗಿ ರೂಪಿಸಿದರು. ಮುಂದೆ ಯುದ್ಧವಿಮಾನಗಳು ಇದನ್ನು ಬಳಸಿದವು. 1968ರಲ್ಲಿ ಅಮೆರಿಕದ ಐವಾನ್ ಸದರ್ಲ್ಯಾಂಡ್ ಪುಟ್ಟ ಪಿಕ್ಚರ್ ಟ್ಯೂಬುಗಳನ್ನೂ ಅರೆಪಾರದರ್ಶಕ ದರ್ಪಣಗಳನ್ನೂ ಜೋಡಿಸಿ, ಕಂಪ್ಯೂಟರ್ ಬಿಡಿಸಿದ ರೇಖಾಚಿತ್ರಗಳನ್ನು ಕೋಣೆಯ ಗಾಳಿಯಲ್ಲಿ ತೇಲಿಸಿದರು. ಆ ಉಪಕರಣವನ್ನು ಛಾವಣಿಗೆ ಜೋಡಿಸಬೇಕಾಗಿತ್ತು.

ಇಂದಿನ ಅನೇಕ ಕನ್ನಡಕಗಳಲ್ಲಿ ದರ್ಪಣದ ಬದಲು ತೆಳುವಾದ ಗಾಜಿನ ಫಲಕವಿರುತ್ತದೆ. ಅಂಚಿನಿಂದ ಹೊಗಿಸಿದ ಬೆಳಕು ಪೂರ್ಣ ಆಂತರಿಕ ಪ್ರತಿಫಲನದಿಂದ ಒಳಗೊಳಗೇ ಪುಟಿಯುತ್ತಾ ಸಾಗಿ, ಕಣ್ಣಿನೆದುರು ಬಂದಾಗ ಅತಿಸೂಕ್ಷ್ಮ ಗೀರುಗಳ ಮೂಲಕ ಹೊರಬೀಳುತ್ತದೆ. ಸಾಮಾನ್ಯ ಗಾಜಿನಲ್ಲಿ ಇದಕ್ಕೆ ಬೇಕಾದ ಸಂದಿಗ್ಧ ಕೋನ ಸುಮಾರು 42 ಡಿಗ್ರಿ. 2016ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ ಇಂಥ ಫಲಕವನ್ನೇ ಬಳಸಿತು. ಅದರ ಎರಡನೆಯ ಆವೃತ್ತಿಯ ತಯಾರಿಕೆ 2024ರಲ್ಲಿ ನಿಂತಿತು. ಫಲಕದೊಳಗೆ ಬಹುಪಾಲು ಬೆಳಕು ನಷ್ಟವಾಗುವುದು, ಬಿಸಿಲಿನಲ್ಲಿ ಚಿತ್ರ ಮಸುಕಾಗುವುದು ಇಂದಿಗೂ ತಂತ್ರಜ್ಞರನ್ನು ಕಾಡುವ ಪ್ರಶ್ನೆಗಳು.

ಆದ್ದರಿಂದ ವಿದ್ಯಾರ್ಥಿಗಳೇ, ಪಿಯುಸಿ ಭೌತಶಾಸ್ತ್ರದ ಸಂದಿಗ್ಧ ಕೋನವನ್ನು ಕೇವಲ ಎರಡು ಅಂಕದ ಪ್ರಶ್ನೆಯೆಂದು ಕಂಠಪಾಠ ಮಾಡಿ ಮರೆಯಬೇಡಿ. ಹಿರಿಯರ ಸಾಧನೆಯನ್ನು ಹೊಗಳುವುದು ಸುಲಭ. ಒಪ್ಪಿತ ಮಾತನ್ನೂ ಪರೀಕ್ಷಿಸಿ ನೋಡಿದ ಇಬ್ನುಲ್ ಹೈಸಮ್‌ರ ದಾರಿಯಲ್ಲಿ ನಡೆಯುವುದು ಕಷ್ಟ. ಉತ್ತರ ಸಿಗದ ಪ್ರಶ್ನೆಗಳು ಅಂಥ ದಾರಿಹೋಕರಿಗಾಗಿಯೇ ಕಾದಿವೆ.